ಸಿಮೆಂಟ್ ಕಾರ್ಖಾನೆಯ ವಿದ್ಯುತ್ ಘಟಕದಿಂದ ಅಂತರರಾಷ್ಟ್ರೀಯ ಇಂಧನ ಸಲಹೆಗಾರಿಕೆಗೆ ದಾರಿ ಇದೆಯೆ?

ಪ್ರಶ್ನೆ: ಸುಣ್ಣದಕಲ್ಲು (ಸೇಡಂ)

ಮಾನ್ಯರೆ,

ಕಲಬುರಗಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿ ಸೇಡಂ ತಾಲ್ಲೂಕಿನ ಒಂದು ಸಿಮೆಂಟ್ ಕಾರ್ಖಾನೆಯ ಸ್ವಂತ ವಿದ್ಯುತ್ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ. ಯಂತ್ರಗಳ ನಿರ್ವಹಣೆಗಿಂತ ಲೆಕ್ಕದ ಕೆಲಸವೇ ನನ್ನ ಪಾಲಿಗೆ ಹೆಚ್ಚು ಬಂದಿದೆ. ನಮ್ಮ ಕಲ್ಲಿದ್ದಲು ಘಟಕದ ವಿದ್ಯುತ್ತು, ಗೂಡಿನ ಬಿಸಿ ಅನಿಲದಿಂದ ತೆಗೆಯುವ ವಿದ್ಯುತ್ತು, ಓಪನ್ ಆಕ್ಸೆಸ್ ಮೂಲಕ (ಅಂದರೆ ಗ್ರಿಡ್ ತಂತಿಗಳನ್ನು ಬಳಸಿ ಬೇರೆ ಉತ್ಪಾದಕರಿಂದ ನೇರವಾಗಿ) ಹೊರಗಿನಿಂದ ಕೊಳ್ಳುವ ಸೌರ ವಿದ್ಯುತ್ತು ಮತ್ತು ನಮ್ಮ ಭಾಗದ ಸರ್ಕಾರಿ ವಿತರಣಾ ಕಂಪನಿಯಾದ ಜೆಸ್ಕಾಂನ ವಿದ್ಯುತ್ತು, ಇವುಗಳಲ್ಲಿ ಯಾವ ಹೊತ್ತಿಗೆ ಯಾವುದು ಅಗ್ಗ ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಸಿದ್ಧಪಡಿಸಿ ಕೊಡಬೇಕು. ಪೆಟ್‌ಕೋಕ್ (ತೈಲ ಶುದ್ಧೀಕರಣದಲ್ಲಿ ಉಳಿಯುವ ಘನ ಇಂಧನ) ಬೆಲೆ ಏಕೆ ಏರಿತು, ಹಡಗಿನ ಬಾಡಿಗೆ ಏಕೆ ಇಳಿಯಿತು, ವಿದ್ಯುತ್ ದರ ನಿಗದಿಮಾಡುವ ನಿಯಂತ್ರಣ ಆಯೋಗ ಹೆಚ್ಚುವರಿ ಶುಲ್ಕವನ್ನು ಯಾವ ಆಧಾರದ ಮೇಲೆ ನಿಗದಿಮಾಡಿತು ಎಂದು ಹುಡುಕುತ್ತಾ ಹೋದಾಗ, ಯಂತ್ರದ ಬದಿಗಿಂತ ಬೆಲೆಯ ಬದಿ ನನ್ನನ್ನು ಹೆಚ್ಚು ಎಳೆಯುತ್ತಿದೆ ಎಂಬುದು ಮನದಟ್ಟಾಯಿತು.

ಕಳೆದ ವರ್ಷ ಕಾರ್ಖಾನೆಯ ಇಂಗಾಲದ ಲೆಕ್ಕ ಮಾಡಲು ಹೊರದೇಶದ ಸಲಹಾ ಸಂಸ್ಥೆಯಿಂದ ಇಬ್ಬರು ಬಂದಿದ್ದರು. ಅವರು ಕೇಳಿದ ಪ್ರಶ್ನೆಗಳನ್ನು ಕೇಳಿದ ಮೇಲೆ, ಇಂಧನ ಅರ್ಥಶಾಸ್ತ್ರ ಮತ್ತು ನೀತಿಯ ಸಲಹೆಗಾರನಾಗಬೇಕು ಎಂಬ ವಿಚಾರ ಬಲವಾಗಿದೆ. ಆದರೆ ಆ ವೃತ್ತಿಯಲ್ಲಿರುವವರು ದಿನನಿತ್ಯ ಏನು ಮಾಡುತ್ತಾರೆ, ಅವರಿಗೆ ಹಣ ಯಾರು ಕೊಡುತ್ತಾರೆ, ಒಳಗೆ ಹೋಗುವ ಬಾಗಿಲು ಎಲ್ಲಿದೆ ಎಂಬುದನ್ನು ಹೇಳುವವರು ನಮ್ಮ ಕಡೆ ಸಿಗುತ್ತಿಲ್ಲ. ವಿದೇಶ ಶಿಕ್ಷಣದ ಏಜೆಂಟರೊಬ್ಬರು ಒಂದು ವರ್ಷದ ಎಂಎಸ್‌ಸಿ ಮಾಡಿದರೆ ಕೆಲಸ ಖಚಿತ ಎನ್ನುತ್ತಾರೆ. ಅದಕ್ಕೆ ಹೊಲದ ಮೇಲೆ ಸಾಲ ಎತ್ತಬೇಕಾಗುತ್ತದೆ. ಮನೆಯವರು 371(ಜೆ) ಮೀಸಲಾತಿ ಇರುವಾಗ ಜೆಸ್ಕಾಂ ಜೂನಿಯರ್ ಎಂಜಿನಿಯರ್ ಹುದ್ದೆಗೆ ಓದು ಎನ್ನುತ್ತಿದ್ದಾರೆ. ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ; ಇಂಗ್ಲಿಷ್ ಓದಬಲ್ಲೆ, ಬರೆಯುವಾಗ ತಡವರಿಸುತ್ತೇನೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.


ಉತ್ತರ 1: ಮಾಂಜ್ರಾ ತೀರ (ಬೀದರ್ ಜಿಲ್ಲೆ)

ನಾನು ಹುಮನಾಬಾದ್ ಕಡೆಯವನು. ವಿದ್ಯುತ್ ದರ ನಿಗದಿ ಮತ್ತು ವಿತರಣಾ ಕಂಪನಿಗಳ ಹಣಕಾಸು ನನ್ನ ಕ್ಷೇತ್ರ. ದಕ್ಷಿಣ ಏಷ್ಯಾ ಮತ್ತು ಪೂರ್ವ ಆಫ್ರಿಕಾದ ಕೆಲವು ದೇಶಗಳಲ್ಲಿ ಈ ಕೆಲಸ ಮಾಡಿದ್ದೇನೆ.

ಮೊದಲು ಹಣದ ಮೂಲವನ್ನು ಹೇಳುತ್ತೇನೆ, ಏಕೆಂದರೆ ವೃತ್ತಿಯ ಸ್ವರೂಪವನ್ನು ನಿರ್ಧರಿಸುವುದು ಅದೇ. ಒಂದು ದೇಶದ ಸರ್ಕಾರ ತನ್ನ ವಿದ್ಯುತ್ ಕ್ಷೇತ್ರವನ್ನು ಸುಧಾರಿಸಲು ವಾಷಿಂಗ್ಟನ್ನಿನ ವಿಶ್ವಬ್ಯಾಂಕಿನಿಂದಲೋ ಮನಿಲಾದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನಿಂದಲೋ ಸಾಲ ಅಥವಾ ಅನುದಾನ ಪಡೆಯುತ್ತದೆ, ಮತ್ತು ಅದರ ಒಂದು ಭಾಗವನ್ನು ಅಧ್ಯಯನಗಳಿಗೆ ತೆಗೆದಿಡುತ್ತದೆ. ಆ ಅಧ್ಯಯನಕ್ಕೆ ಸಲಹಾ ಸಂಸ್ಥೆಗಳು ಸ್ಪರ್ಧಿಸುತ್ತವೆ. ಹೆಚ್ಚಿನ ಸಂದರ್ಭಗಳಲ್ಲಿ ಗುಣಮಟ್ಟಕ್ಕೂ ಬೆಲೆಗೂ ಪ್ರತ್ಯೇಕ ಅಂಕಗಳಿರುತ್ತವೆ, ಮತ್ತು ಗುಣಮಟ್ಟದ ಅಂಕಗಳಲ್ಲಿ ದೊಡ್ಡ ಪಾಲು ಪ್ರಸ್ತಾವದಲ್ಲಿ ಹೆಸರಿಸಿದ ತಜ್ಞರ ಅನುಭವ ಪಟ್ಟಿಗೆ ಸಿಗುತ್ತದೆ. ಇಂಥ ಕೆಲಸವನ್ನು ಇಷ್ಟು ವರ್ಷ, ಇಂತಿಂಥ ದೇಶದಲ್ಲಿ ಮಾಡಿದ್ದಾರೆ ಎಂದು ತೋರಿಸಬೇಕು. ಆದ್ದರಿಂದ ಪದವಿ ಮುಗಿಸಿದ ಕೂಡಲೇ ಯಾರೂ ಅಂತರರಾಷ್ಟ್ರೀಯ ತಜ್ಞರಾಗುವುದಿಲ್ಲ, ಯಾವ ವಿಶ್ವವಿದ್ಯಾಲಯದ ಮುದ್ರೆ ಇದ್ದರೂ ಸರಿ. ಕೆಲಸ ಖಚಿತ ಎನ್ನುವ ಏಜೆಂಟರ ಮಾತಿಗೆ ನೀವು ಎಷ್ಟು ಬೆಲೆ ಕೊಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಸಂಸ್ಥೆಯ ನೌಕರಿಯಲ್ಲಿದ್ದರೆ ತಿಂಗಳ ಸಂಬಳ ಬರುತ್ತದೆ. ಸ್ವತಂತ್ರ ಸಲಹೆಗಾರನಾದರೆ ದಿನದ ಲೆಕ್ಕದಲ್ಲಿ ಹಣ, ಅದೂ ವರದಿ ಸ್ವೀಕೃತವಾದ ಮೇಲೆ. ವಿಶ್ವಬ್ಯಾಂಕಿನ ಅಲ್ಪಾವಧಿ ಸಲಹೆಗಾರರ ಒಪ್ಪಂದದಲ್ಲಿ ಒಂದು ಆರ್ಥಿಕ ವರ್ಷಕ್ಕೆ 150 ದಿನಗಳ ಮಿತಿ ಇದೆ. ಉಳಿದ ದಿನಗಳಿಗೆ ಬೇರೆ ಕೆಲಸ ಹುಡುಕಿಕೊಳ್ಳಬೇಕು. ದಿನದ ದರ ಕೇಳಿದಾಗ ದೊಡ್ಡದಾಗಿ ಕಾಣುತ್ತದೆ, ಆದರೆ ಕೆಲಸವಿಲ್ಲದ ತಿಂಗಳುಗಳನ್ನೂ ತೆರಿಗೆಯನ್ನೂ ಪಿಂಚಣಿ ಇಲ್ಲದಿರುವುದನ್ನೂ ಸೇರಿಸಿ ನೋಡಿದಾಗ ಅದು ಸಾಧಾರಣ ಆದಾಯವಾಗುವುದುಂಟು. ವಿಮಾನ ನಿಲ್ದಾಣದ ಚಿತ್ರಗಳನ್ನು ಹಾಕುವವರು ಈ ಭಾಗವನ್ನು ಹಾಕುವುದಿಲ್ಲ.

ಇನ್ನು ಕೆಲಸ. ವಿದ್ಯುತ್ ಖರೀದಿ ಒಪ್ಪಂದವನ್ನು ಪರಿಶೀಲಿಸುವುದು, ಮುಂದಿನ ಇಪ್ಪತ್ತು ವರ್ಷಗಳ ಬೇಡಿಕೆಯನ್ನು ಅಂದಾಜಿಸಿ ಅತಿ ಕಡಿಮೆ ವೆಚ್ಚದ ಉತ್ಪಾದನಾ ಯೋಜನೆ ಮಾಡುವುದು, ಸಹಾಯಧನ ಯಾರಿಗೆ ತಲುಪುತ್ತಿದೆ ಎಂದು ಅಳೆಯುವುದು, ದರ ಏರಿಸಿದರೆ ಬಡ ಕುಟುಂಬದ ಖರ್ಚಿನ ಮೇಲೆ ಏನಾಗುತ್ತದೆ ಎಂದು ಲೆಕ್ಕಹಾಕುವುದು, ಕೊನೆಗೆ ಇವೆಲ್ಲವನ್ನೂ ಮಂತ್ರಿಯೊಬ್ಬರು ಹತ್ತು ನಿಮಿಷದಲ್ಲಿ ಓದುವಂತೆ ಬರೆಯುವುದು. ನೀವು ಕೊಟ್ಟ ಶಿಫಾರಸು ಚುನಾವಣೆ ಮುಗಿಯುವವರೆಗೆ ಕಪಾಟಿನಲ್ಲಿ ಕೂರಬಹುದು. ಅದಕ್ಕೆ ಮನಸ್ಸು ಗಟ್ಟಿ ಇರಬೇಕು.

ಒಳ್ಳೆಯ ಸಲಹೆಗಾರನಿಗೂ ಸಾಧಾರಣ ಸಲಹೆಗಾರನಿಗೂ ಇರುವ ವ್ಯತ್ಯಾಸವನ್ನು ನಾನು ಕಂಡಿದ್ದು ಒಂದೇ ಕಡೆ. ಒಂದು ವಿತರಣಾ ಕಂಪನಿಯ ಲೆಕ್ಕವನ್ನು ಒಳಗಿನಿಂದ ಓದಬಲ್ಲವನು ಯಾವ ದೇಶಕ್ಕೆ ಹೋದರೂ ನಿಲ್ಲುತ್ತಾನೆ, ಆ ಶಕ್ತಿ ಇಲ್ಲದವನು ಬರೀ ಸ್ಲೈಡುಗಳನ್ನು ಮಾಡುತ್ತಾನೆ. ಓದಲು ಕಲಿಯುವುದಕ್ಕೆ ನಿಮ್ಮ ಮನೆಯ ಬಳಿಯೇ ಒಂದು ಕಂಪನಿ ಇದೆ. ಜೆಸ್ಕಾಂ 2002ರಲ್ಲಿ ರಚನೆಯಾಗಿ, ಬೀದರ್‌ನಿಂದ ಬಳ್ಳಾರಿಯವರೆಗಿನ ಇಡೀ ಕಲ್ಯಾಣ ಕರ್ನಾಟಕಕ್ಕೆ ವಿದ್ಯುತ್ ವಿತರಿಸುತ್ತಿದೆ. ಅದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಸಲ್ಲಿಸುವ ದರ ಅರ್ಜಿಗಳೂ ಅವುಗಳ ಮೇಲೆ ಆಯೋಗ ನೀಡುವ ಆದೇಶಗಳೂ ಸಾರ್ವಜನಿಕ ದಾಖಲೆಗಳು, ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಮೊದಲು ಪಂಪ್‌ಸೆಟ್ಟುಗಳ ಅಧ್ಯಾಯವನ್ನು ತೆರೆಯಿರಿ.

ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತ. ಬಹುಪಾಲು ಪಂಪ್‌ಸೆಟ್ಟುಗಳ ಬಳಕೆಯನ್ನು ಒಂದೊಂದಾಗಿ ಮೀಟರಿನಲ್ಲಿ ಓದುವುದಿಲ್ಲ. ಫೀಡರ್‌ಗಳ, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ವಿತರಣಾ ಮಾರ್ಗಗಳ, ಮೀಟರ್ ಓದಿನಿಂದ ಅಂದಾಜು ಮಾಡುತ್ತಾರೆ. ಕಂಪನಿಗೆ ಒಟ್ಟು ಬಂದ ವಿದ್ಯುತ್ತಿನಲ್ಲಿ ಮೀಟರಿನಲ್ಲಿ ಮಾರಿದ್ದನ್ನೂ ಪಂಪ್‌ಸೆಟ್ಟಿನ ಅಂದಾಜನ್ನೂ ಕಳೆದು ಉಳಿದದ್ದು ನಷ್ಟ. ಹೀಗಿರುವಾಗ ಪಂಪ್‌ಸೆಟ್ಟಿನ ಅಂದಾಜನ್ನು ಸ್ವಲ್ಪ ಎತ್ತರಿಸಿದರೆ ನಷ್ಟ ತಾನಾಗಿಯೇ ಕಡಿಮೆಯಾಗಿ ಕಾಣುತ್ತದೆ, ಸರ್ಕಾರದಿಂದ ಬರಬೇಕಾದ ಸಹಾಯಧನವೂ ಹೆಚ್ಚಾಗುತ್ತದೆ. ಇದು ಯಾವುದೋ ಒಂದು ಕಂಪನಿಯ ಮೇಲಿನ ಆರೋಪವಲ್ಲ. ಮೀಟರಿಲ್ಲದೆ ಕೃಷಿಗೆ ವಿದ್ಯುತ್ ಕೊಡುವ ಎಲ್ಲ ರಾಜ್ಯಗಳಲ್ಲೂ ನಿಯಂತ್ರಣ ಆಯೋಗಗಳು ಇದೇ ಗಂಟನ್ನು ಬಿಡಿಸುತ್ತಾ ಕುಳಿತಿವೆ. ನಮ್ಮಲ್ಲಿ ನಿರಂತರ ಜ್ಯೋತಿ ಯೋಜನೆಯಡಿ ಹಳ್ಳಿಯ ಮನೆಗಳ ಫೀಡರ್‌ಗಳನ್ನು ಪಂಪ್‌ಸೆಟ್ ಫೀಡರ್‌ಗಳಿಂದ ಬೇರ್ಪಡಿಸಿದ್ದರಿಂದ ಈ ಅಂದಾಜು ಸ್ವಲ್ಪ ಗಟ್ಟಿಯಾಯಿತು. ಸಹಾಯಧನವನ್ನು ರಾಜ್ಯ ಸರ್ಕಾರ ಮುಂಗಡವಾಗಿ ಪಾವತಿಸಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 65ನೆಯ ಕಲಂ ಹೇಳುತ್ತದೆ. ಪಾವತಿ ತಡವಾದರೆ ಕಂಪನಿ ಸಾಲ ಎತ್ತುತ್ತದೆ, ಬಡ್ಡಿ ಮತ್ತೆ ವೆಚ್ಚದ ಪಟ್ಟಿಗೆ ಬಂದು ಸೇರುತ್ತದೆ. ಈ ಸರಪಳಿಯನ್ನು ನೀವು ಅಂಕಿಗಳೊಂದಿಗೆ ಹಿಡಿದುಕೊಂಡರೆ, ಬೇರೆ ದೇಶದ ಕಡತವನ್ನು ತೆರೆದಾಗ ಕೇಳಬೇಕಾದ ಮೊದಲ ಪ್ರಶ್ನೆ ನಿಮಗೆ ಆಗಲೇ ಗೊತ್ತಿರುತ್ತದೆ: ಅಳೆಯದೆ ಹೋಗುತ್ತಿರುವ ವಿದ್ಯುತ್ ಎಷ್ಟು, ಅದನ್ನು ಯಾರ ಖಾತೆಗೆ ಬರೆದಿದ್ದಾರೆ?

ಎರಡನೆಯದಾಗಿ ಒಪ್ಪಂದಗಳನ್ನು ಓದಿ. ಮಹಾರಾಷ್ಟ್ರದ ದಾಭೋಳ್ ವಿದ್ಯುತ್ ಸ್ಥಾವರ ಏಕೆ 2001ರಲ್ಲಿ ನಿಂತುಹೋಯಿತು ಎಂಬುದನ್ನು ಹಣಕಾಸಿನ ಕಣ್ಣಿನಿಂದ ಓದಿದರೆ, ಡಾಲರಿಗೆ ಕಟ್ಟಿದ ದರ, ಆಮದು ಇಂಧನ, ಕೊಳ್ಳದಿದ್ದರೂ ಕೊಡಬೇಕಾದ ಸ್ಥಿರ ವೆಚ್ಚ, ಈ ಮೂರೂ ಒಟ್ಟಿಗೆ ಬಂದರೆ ರಾಜ್ಯ ವಿದ್ಯುತ್ ಮಂಡಳಿಯೊಂದರ ಗತಿ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಇನ್ನೊಂದು ಗುಜರಾತಿನ ಮುಂದ್ರಾದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಪ್ರಕರಣ. ಇಂಡೋನೇಷ್ಯಾ ತನ್ನ ಕಲ್ಲಿದ್ದಲಿನ ರಫ್ತು ಬೆಲೆಯನ್ನು ಅಂತರರಾಷ್ಟ್ರೀಯ ಬೆಲೆಗೆ ಜೋಡಿಸುವ ನಿಯಮ ತಂದಾಗ, ಆ ಕಲ್ಲಿದ್ದಲನ್ನು ನಂಬಿ ಕಡಿಮೆ ದರಕ್ಕೆ ಸಹಿ ಹಾಕಿದ್ದ ಗುಜರಾತಿನ ಸ್ಥಾವರಗಳು ಪರಿಹಾರ ದರ ಕೇಳಿದವು. ಹೊರದೇಶದ ಕಾನೂನು ಬದಲಾಗಿ ಇಂಧನ ದುಬಾರಿಯಾದುದು ಒಪ್ಪಂದದ ಅರ್ಥದಲ್ಲಿ ಅನಿವಾರ್ಯ ವಿಪತ್ತು ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಜಕಾರ್ತಾದ ಒಂದು ಅಧಿಸೂಚನೆ ಗುಜರಾತಿನ ಸ್ಥಾವರವನ್ನು ದಾಟಿ ದೆಹಲಿಯ ನ್ಯಾಯಾಲಯದವರೆಗೆ ಬಂದ ದಾರಿಯನ್ನು ತಪ್ಪಿಲ್ಲದೆ ವಿವರಿಸಬಲ್ಲವರಿಗೆ ಈ ವೃತ್ತಿಯಲ್ಲಿ ಕೆಲಸ ಸಿಗುತ್ತದೆ.

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಬೇಕಾಗಿರುವುದು ಅಲಂಕಾರದ ಇಂಗ್ಲಿಷ್ ಅಲ್ಲ, ಚಿಕ್ಕ ವಾಕ್ಯದ ಸ್ಪಷ್ಟ ಇಂಗ್ಲಿಷ್. ನಮ್ಮ ಕಡೆಯವರಿಗೆ ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು ಕಿವಿಗೆ ಬಿದ್ದಿರುತ್ತದೆ; ಕೊಲ್ಲಿ ದೇಶಗಳ ಸಭೆಗಳ ಬಿಡುವಿನಲ್ಲಿ ನನ್ನ ಬೀದರಿನ ಉರ್ದು ಎಷ್ಟೋ ಸಲ ಇಂಗ್ಲಿಷಿಗಿಂತ ಹೆಚ್ಚು ಮಾಹಿತಿ ತಂದುಕೊಟ್ಟಿದೆ.


ಉತ್ತರ 2: ಮೇಷ್ಟ್ರು (ಕಲಬುರಗಿ)

ನಾನು ಅರ್ಥಶಾಸ್ತ್ರ ಕಲಿಸುವವನು. ಮೇಲಿನ ಉತ್ತರದಲ್ಲಿ ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಕಡೆ ನನ್ನ ತಕರಾರು ಇದೆ. ಕಂಪನಿಯ ಲೆಕ್ಕ ಓದುವುದನ್ನಷ್ಟೇ ಕಲಿತವನು ನಿನ್ನೆ ಏನಾಯಿತು ಎಂದು ಚೆನ್ನಾಗಿ ಹೇಳಬಲ್ಲ. ನಾಳೆ ದರ ಹೇಗಿರಬೇಕು ಎಂದು ಹೇಳಲು ಸಿದ್ಧಾಂತ ಬೇಕಾಗುತ್ತದೆ.

ಉದಾಹರಣೆಗೆ ಆಯೋಗಗಳ ದರ ಆದೇಶಗಳು ಬಹುತೇಕ ಸರಾಸರಿ ವೆಚ್ಚದ ಸುತ್ತ ತಿರುಗುತ್ತವೆ. ಯಾವ ವರ್ಗದ ಗ್ರಾಹಕರ ದರವೂ ಸರಾಸರಿ ಸರಬರಾಜು ವೆಚ್ಚಕ್ಕಿಂತ ಶೇಕಡಾ 20ರಷ್ಟು ಮೇಲೆ ಅಥವಾ ಕೆಳಗೆ ಇರುವ ಮಿತಿಯೊಳಗೆ ಬರಬೇಕು ಎಂದು ರಾಷ್ಟ್ರೀಯ ದರ ನೀತಿ ಹೇಳುತ್ತದೆ. ಅರ್ಥಶಾಸ್ತ್ರ ಕೇಳುವ ಪ್ರಶ್ನೆ ಬೇರೆ: ಈ ಗಂಟೆಯಲ್ಲಿ ಇನ್ನೊಂದು ಯೂನಿಟ್ ಬಳಸಿದರೆ ಸಮಾಜಕ್ಕೆ ಆಗುವ ವೆಚ್ಚ ಎಷ್ಟು? ಫ್ರಾನ್ಸಿನ ಸರ್ಕಾರಿ ವಿದ್ಯುತ್ ಸಂಸ್ಥೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಮಾರ್ಸೆಲ್ ಬ್ವಾತೋ 1949ರಲ್ಲಿಯೇ ಇದಕ್ಕೆ ಉತ್ತರ ಬರೆದರು. ಬೇಡಿಕೆ ತುತ್ತತುದಿಗೆ ಏರುವ ಹೊತ್ತಿನಲ್ಲಿ ಬಳಸುವವನು ಹೊಸ ಸ್ಥಾವರದ ವೆಚ್ಚವನ್ನೂ ಹೊರಬೇಕು, ಬೇಡಿಕೆ ಇಳಿದ ಹೊತ್ತಿನಲ್ಲಿ ಬಳಸುವವನು ಇಂಧನದ ವೆಚ್ಚವನ್ನಷ್ಟೇ ಕೊಟ್ಟರೆ ಸಾಕು ಎಂಬುದು ಅದರ ತಿರುಳು. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಎದ್ದ ಮೇಲೆ ನಮ್ಮ ರಾಜ್ಯಕ್ಕೆ ಈ ಮಾತು ಹೊಸದಾಗಿ ಅನ್ವಯಿಸುತ್ತದೆ. ಮಧ್ಯಾಹ್ನ ವಿದ್ಯುತ್ ಧಾರಾಳ, ಸಂಜೆ ಏಳಕ್ಕೆ ಬಿಗಿ. ಪ್ರಶ್ನೆ ಕೇಳಿದ ಸೇಡಂನ ಗೆಳೆಯರು ಯಾವ ಹೊತ್ತಿಗೆ ಯಾವ ವಿದ್ಯುತ್ ಅಗ್ಗ ಎಂದು ತಿಂಗಳಿಗೊಮ್ಮೆ ಪಟ್ಟಿ ಮಾಡುತ್ತಾರಲ್ಲ, ಅವರು ಮಾಡುತ್ತಿರುವುದು ಬ್ವಾತೋ ಅವರ ಲೆಕ್ಕವನ್ನೇ. ಅದರ ಸೈದ್ಧಾಂತಿಕ ಬೆನ್ನೆಲುಬು ಅವರಿಗೆ ಸಿಗಬೇಕು ಅಷ್ಟೆ.

ಇನ್ನೊಂದು ಉದಾಹರಣೆ. ಉಗಿಯಂತ್ರಗಳು ಕಡಿಮೆ ಕಲ್ಲಿದ್ದಲು ತಿನ್ನುವಂತಾದಾಗ ಇಂಗ್ಲೆಂಡಿನ ಒಟ್ಟು ಕಲ್ಲಿದ್ದಲು ಬಳಕೆ ಇಳಿಯದೆ ಏರಿತು ಎಂದು ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲಿ ತೋರಿಸಿದರು. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ಸೌರ ಪಂಪುಗಳನ್ನು ಈ ದೃಷ್ಟಿಯಿಂದ ನೋಡಿ. ಪಂಪ್ ಹಾಕಿದ ಮೇಲೆ ಹಗಲಿನಲ್ಲಿ ಇನ್ನೊಂದು ಗಂಟೆ ನೀರೆತ್ತಲು ರೈತನಿಗೆ ಏನೂ ಖರ್ಚಿಲ್ಲ. ಇಂಗಾಲದ ಲೆಕ್ಕದಲ್ಲಿ ಇದು ಲಾಭ, ಆಳಂದದ ಅಂತರ್ಜಲದ ಲೆಕ್ಕದಲ್ಲಿ ಏನಾಗಬಹುದು? ಹೆಚ್ಚಾದ ವಿದ್ಯುತ್ತನ್ನು ರೈತನಿಂದ ಗ್ರಿಡ್‌ಗೆ ಕೊಳ್ಳುವ ವ್ಯವಸ್ಥೆ ಇದ್ದರೆ ನೀರೆತ್ತದೆ ಇರುವುದಕ್ಕೂ ಒಂದು ಬೆಲೆ ಹುಟ್ಟುತ್ತದೆ. ಇಂಥ ವಾದವನ್ನು ಅಂಕಿಗಳಿಂದ ಸಾಧಿಸಲು ಅರ್ಥಮಿತಿ ಬೇಕು, ಅಂದರೆ ಸಂಖ್ಯಾಶಾಸ್ತ್ರವನ್ನು ಅರ್ಥಶಾಸ್ತ್ರದ ಪ್ರಶ್ನೆಗಳಿಗೆ ಹೂಡುವ ವಿದ್ಯೆ. ಅಂಕಿಅಂಶ ವಿಶ್ಲೇಷಣೆಗೆ ಬಳಸುವ ಕಂಪ್ಯೂಟರ್ ಭಾಷೆಗಳಾದ ಆರ್ ಅಥವಾ ಪೈಥಾನ್ ಎರಡರಲ್ಲಿ ಒಂದನ್ನು ಈಗಿನಿಂದಲೇ ಕಲಿಯಿರಿ. ಇಂಧನ ಯೋಜನೆಯ ಮಾದರಿಗಳಲ್ಲಿ ಓಸಿಮೋಸಿಸ್ ಎಂಬುದು ಮುಕ್ತ ತಂತ್ರಾಂಶ, ಲೀಪ್ ವಿದ್ಯಾರ್ಥಿಗಳಿಗೆ ಉಚಿತ.

ಎಂಜಿನಿಯರಿಂಗ್‌ನಿಂದ ಅರ್ಥಶಾಸ್ತ್ರಕ್ಕೆ ಬಂದವರು ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಪ್ಯಾರಿಸ್‌ನ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯನ್ನು 2015ರಿಂದ ಮುನ್ನಡೆಸುತ್ತಿರುವ ಫಾತಿಹ್ ಬಿರೋಲ್ ಅವರು ಇಸ್ತಾಂಬುಲ್‌ನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ, ವಿಯೆನ್ನಾದಲ್ಲಿ ಇಂಧನ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಅವರು ಮೊದಲು ಕೆಲಸ ಮಾಡಿದ್ದು ತೈಲ ಮಾರುವ ದೇಶಗಳ ಒಪೆಕ್‌ನಲ್ಲಿ. 1973ರ ತೈಲ ಬಿಕ್ಕಟ್ಟಿನ ಬಳಿಕ ತೈಲ ಕೊಳ್ಳುವ ದೇಶಗಳು 1974ರಲ್ಲಿ ಕಟ್ಟಿಕೊಂಡ ಸಂಸ್ಥೆಗೆ ಅವರು 1995ರಲ್ಲಿ ಬಂದರು. ಮಾರುವವರ ಮನೆಯಿಂದ ಕೊಳ್ಳುವವರ ಮನೆಗೆ ಹೋದವರು ಎಂಬುದು ನನಗೆ ಸ್ವಾರಸ್ಯವಾಗಿ ಕಾಣುತ್ತದೆ.

ಓದುವ ಸ್ಥಳದ ಬಗ್ಗೆ ಸಂಕ್ಷೇಪವಾಗಿ: ಮುಂಬೈನ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ, ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್, ದೆಹಲಿಯ ಟೆರಿ ಉನ್ನತ ಅಧ್ಯಯನ ಶಾಲೆ, ಇವನ್ನು ಮೊದಲು ನೋಡಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಅರ್ಥಶಾಸ್ತ್ರ ವಿಭಾಗವಿದೆ. ವಿದೇಶಕ್ಕೆ ಹೋಗುವುದಾದರೆ ಬ್ರಿಟನ್ನಿನ ಕಾಮನ್‌ವೆಲ್ತ್ ಮತ್ತು ಚೀವ್ನಿಂಗ್, ಜರ್ಮನಿಯ ಡಾಡ್, ಯುರೋಪಿನ ಇರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಗಳಲ್ಲಿ ಒಂದು ಸಿಕ್ಕ ಮೇಲೆ ಹೋಗಿ. ಹೊಲದ ಮೇಲೆ ಸಾಲ ಎತ್ತಿ ಹೋಗುವುದನ್ನು ನಾನು ಒಪ್ಪುವುದಿಲ್ಲ.


ಉತ್ತರ 3: ಶಹಾಪುರದವಳು (ಯಾದಗಿರಿ ಜಿಲ್ಲೆ, ಸದ್ಯ ದೆಹಲಿ)

ಮೇಲಿನ ಇಬ್ಬರೂ ಹಿರಿಯರು. ನಾನು ಈ ಕ್ಷೇತ್ರದ ಮೊದಲ ಮೆಟ್ಟಿಲುಗಳಲ್ಲಿ ಇರುವವಳು, ದೆಹಲಿಯ ಒಂದು ನೀತಿ ಸಂಶೋಧನಾ ಸಂಸ್ಥೆಯಲ್ಲಿ ವಿಶ್ಲೇಷಕಿ. ಪ್ರವೇಶದ ಬಾಗಿಲಿನ ಬಗ್ಗೆ ಅವರು ಹೆಚ್ಚು ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಭಾರತದಲ್ಲಿ ಬಾಗಿಲು ಮೂರು ಬಗೆಯದು. ಟೆರಿ, ಪುಣೆಯ ಪ್ರಯಾಸ್, ಬೆಂಗಳೂರಿನ ಸಿ-ಸ್ಟೆಪ್, ದೆಹಲಿಯ ಸಿಇಇಡಬ್ಲ್ಯೂ ಮುಂತಾದ ಸಂಶೋಧನಾ ಸಂಸ್ಥೆಗಳಲ್ಲಿ ಸಂಬಳ ಹಿತಮಿತ, ಆದರೆ ನಿಮ್ಮ ಹೆಸರಿನಲ್ಲಿ ಬರವಣಿಗೆ ಪ್ರಕಟವಾಗುತ್ತದೆ. ದೊಡ್ಡ ಲೆಕ್ಕಪರಿಶೋಧನಾ ಮತ್ತು ಸಲಹಾ ಕಂಪನಿಗಳಲ್ಲಿ ಸಂಬಳ ಹೆಚ್ಚು. ಅಲ್ಲಿ ವಿತರಣಾ ಕಂಪನಿಗಳ ದರ ಅರ್ಜಿಗಳನ್ನು ಸಿದ್ಧಪಡಿಸುವ ಕೆಲಸದಲ್ಲೇ ಕೆಲವು ವರ್ಷ ಕಳೆಯುತ್ತವೆ, ಮತ್ತು ವರದಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ. ಮೂರನೆಯದು ಉದ್ಯಮ, ಅದರಲ್ಲಿ ನೀವು ಈಗಾಗಲೇ ಇದ್ದೀರಿ. ಉದ್ಯಮದಲ್ಲಿರುವಾಗಲೇ ಇಂಧನ ದಕ್ಷತಾ ಬ್ಯೂರೋ ನಡೆಸುವ ಇಂಧನ ಲೆಕ್ಕಪರಿಶೋಧಕರ ಪರೀಕ್ಷೆಯನ್ನು ಬರೆಯಿರಿ. ನಿಮ್ಮ ಓದಿಗೂ ಕೆಲಸಕ್ಕೂ ಅದು ನೇರವಾಗಿ ಹೊಂದುತ್ತದೆ. ಗುರುಗ್ರಾಮದಲ್ಲಿ ಕೇಂದ್ರ ಕಚೇರಿ ಇರುವ ಅಂತರರಾಷ್ಟ್ರೀಯ ಸೌರ ಒಕ್ಕೂಟ, ಅಬುಧಾಬಿಯ ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ (ಐರೀನಾ), ವಿಶ್ವಬ್ಯಾಂಕಿನ ಯುವ ವೃತ್ತಿಪರರ ಯೋಜನೆ ಇವು ನಂತರದ ಮಾತು. ಕೊನೆಯದಕ್ಕೆ ಸ್ನಾತಕೋತ್ತರ ಪದವಿ ಬೇಕು, ವಯಸ್ಸು 32 ಮೀರಿರಬಾರದು, ಸ್ಪರ್ಧೆ ಇಡೀ ಜಗತ್ತಿನದು.

ಮಾಂಜ್ರಾ ತೀರ ಅವರು ಹೇಳಿದ ಪಂಪ್‌ಸೆಟ್ ಲೆಕ್ಕಕ್ಕೆ ಒಂದು ಮಾತು ಸೇರಿಸಬೇಕು. ಕಡತ ಓದಿದರೆ ಸಾಲದು, ಫೀಡರ್ ಎಲ್ಲಿ ಹೋಗುತ್ತದೆ ಎಂದು ನಡೆದು ನೋಡಬೇಕು. ನಮ್ಮ ಶಹಾಪುರ, ಸುರಪುರ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬರುತ್ತದೆ; ಆಳಂದ, ಬಸವಕಲ್ಯಾಣಗಳಲ್ಲಿ ರೈತ ಕೊಳವೆಬಾವಿಯನ್ನೇ ನಂಬಿದ್ದಾನೆ. ಕಾಲುವೆ ಹರಿಯುವ ತಿಂಗಳುಗಳಲ್ಲಿ ಒಂದು ಕಡೆಯ ಪಂಪ್ ಸುಮ್ಮನಿರುತ್ತದೆ, ಇನ್ನೊಂದು ಕಡೆಯದು ತ್ರೀ ಫೇಸ್ ಬಂದ ಪ್ರತಿ ಗಂಟೆಯೂ ಓಡುತ್ತದೆ. ಎರಡನ್ನೂ ಒಂದೇ ಸರಾಸರಿಯಲ್ಲಿ ಹಾಕಿದರೆ ಆ ಸರಾಸರಿ ಯಾವ ತಾಲ್ಲೂಕನ್ನೂ ವಿವರಿಸುವುದಿಲ್ಲ. ಇದು ದೆಹಲಿಯ ನನ್ನ ಸಹೋದ್ಯೋಗಿಗಳಿಗೆ ಹೊಳೆಯಲಿಲ್ಲ, ನನಗೆ ಹೊಳೆಯಿತು, ಅದರಲ್ಲಿ ನನ್ನ ಜಾಣತನವೇನೂ ಇಲ್ಲ. ಗೃಹಜ್ಯೋತಿಯ ವಿಷಯದಲ್ಲೂ ಹೀಗೆಯೇ. 2023ರಿಂದ ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ (ಶುರುವಿನಲ್ಲಿ ಅದು ಶೇಕಡಾ 10 ಇತ್ತು) ಮಿತಿ ಹಾಕಲಾಗಿದೆ, ಆದ್ದರಿಂದ ಹಿಂದೆ ಕಡಿಮೆ ಬಳಸುತ್ತಿದ್ದ ಬಡ ಮನೆಗೆ ಉಚಿತದ ಅಳತೆಯೂ ಕಡಿಮೆ, ಏಸಿ ಇಲ್ಲದಿದ್ದರೂ ಫ್ರಿಜ್ಜು, ಗೀಸರ್ ಇದ್ದ ಮನೆಗೆ ಹೆಚ್ಚು. ಈ ಹಂಚಿಕೆ ಸರಿಯೋ ತಪ್ಪೋ ಎಂಬುದು ರಾಜಕೀಯದ ತೀರ್ಮಾನ. ಅದು ಯಾರಿಗೆ ಎಷ್ಟು ತಲುಪಿತು ಎಂದು ಅಳೆಯುವುದು ನಮ್ಮ ಕೆಲಸ.

ಜೂನಿಯರ್ ಎಂಜಿನಿಯರ್ ಹುದ್ದೆಯನ್ನು ಹಗುರವಾಗಿ ಕಾಣಬೇಡಿ ಎಂದೇ ನನ್ನ ಸಲಹೆ. ವಿತರಣಾ ಕಂಪನಿಯ ಒಳಗೆ ಐದಾರು ವರ್ಷ ಇದ್ದವರನ್ನು ನಮ್ಮ ಸಂಸ್ಥೆಯ ಸಂದರ್ಶನಗಳಲ್ಲಿ ಬೇರೆಯೇ ಗೌರವದಿಂದ ಕೇಳುತ್ತಾರೆ. ಅಪಾಯ ಇಷ್ಟೇ, ಭದ್ರತೆ ಒಮ್ಮೆ ರೂಢಿಯಾದರೆ ಬಿಟ್ಟುಬರುವುದು ಕಷ್ಟ, ಮತ್ತು ಮದುವೆಯ ಮಾತುಕತೆ ಶುರುವಾದ ಮೇಲೆ ಇನ್ನೂ ಕಷ್ಟ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿದವರಾದರೆ ವಿದೇಶ ವ್ಯಾಸಂಗಕ್ಕೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಓದುವವರಲ್ಲಿ ಯಾರಿಗಾದರೂ ಉಪಯೋಗವಾಗಬಹುದು.

ಹೆಣ್ಣುಮಕ್ಕಳು ಇದನ್ನು ಓದುತ್ತಿದ್ದರೆ: ಕ್ಷೇತ್ರ ಪ್ರವಾಸಗಳಲ್ಲಿ ಸಬ್‌ಸ್ಟೇಷನ್‌ನ ಸಿಬ್ಬಂದಿ ನಿಮ್ಮ ಜೊತೆ ಬಂದ ಗಂಡಸಿನತ್ತ ನೋಡಿಯೇ ಉತ್ತರ ಕೊಡುತ್ತಾರೆ. ಮೀಟರಿನ ಗುಣಕವನ್ನು (ನಿಜವಾದ ಬಳಕೆ ತಿಳಿಯಲು ಮೀಟರಿನ ಓದನ್ನು ಗುಣಿಸಬೇಕಾದ ಸಂಖ್ಯೆ) ನೀವೇ ಸರಿಯಾಗಿ ಕೇಳಿದ ಮೇಲೆ ನಿಮ್ಮತ್ತ ತಿರುಗುತ್ತಾರೆ.


ಪ್ರಶ್ನೆ ಕೇಳಿದವರ ಮರುಮಾತು: ಸುಣ್ಣದಕಲ್ಲು

ಮೂವರಿಗೂ ಕೃತಜ್ಞತೆಗಳು. ಏಜೆಂಟರಿಗೆ ಮುಂಗಡ ಕೊಡುವುದನ್ನು ಸದ್ಯ ನಿಲ್ಲಿಸಿದ್ದೇನೆ. ಇನ್ನೊಂದು ಸಂದೇಹ ಉಳಿದಿದೆ. ನನ್ನ ಅನುಭವವೆಲ್ಲ ಸಿಮೆಂಟಿನದು, ನೀವೆಲ್ಲ ಹೇಳಿದ್ದು ವಿತರಣಾ ಕಂಪನಿಯದು. ಸಿಮೆಂಟಿನ ಇಂಗಾಲದ ಲೆಕ್ಕವನ್ನೇ ನನ್ನ ವಿಶೇಷತೆಯಾಗಿ ಬೆಳೆಸಿಕೊಳ್ಳಬಹುದೆ? ಆಮದು ಸರಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಯುರೋಪ್ ಹಾಕುವ ಗಡಿ ಇಂಗಾಲ ಸುಂಕದ ಬಗ್ಗೆ ಎಲ್ಲರೂ ಮಾತನಾಡುತ್ತಿದ್ದಾರೆ.


ಉತ್ತರ 4: ಮಾಂಜ್ರಾ ತೀರ

ಖಂಡಿತ ಬೆಳೆಸಿಕೊಳ್ಳಬಹುದು, ಆದರೆ ಯುರೋಪಿನ ಸುಂಕವೊಂದನ್ನೇ ನಂಬಿಕೊಂಡಲ್ಲ. 2023ರ ಅಕ್ಟೋಬರ್‌ನಲ್ಲಿ ವರದಿ ಸಲ್ಲಿಕೆಯಿಂದ ಶುರುವಾಗಿ 2026ರ ಜನವರಿಯಿಂದ ಪೂರ್ಣ ಹಂತಕ್ಕೆ ಬಂದಿರುವ ಆ ವ್ಯವಸ್ಥೆಯ ಪಟ್ಟಿಯಲ್ಲಿ ಸಿಮೆಂಟ್ ಇದೆ ನಿಜ, ಆದರೆ ಸೇಡಂ, ಚಿತ್ತಾಪುರ, ವಾಡಿಯ ಸಿಮೆಂಟ್ ಭಾರವಾದ ಅಗ್ಗದ ಸರಕು. ಅದು ಹೋಗುವುದು ಹೈದರಾಬಾದ್, ಸೊಲ್ಲಾಪುರ, ಬೆಂಗಳೂರಿನ ಕಟ್ಟಡಗಳಿಗೆ. ಭಾರತದಿಂದ ಯುರೋಪಿಗೆ ಹೋಗುವ ಸರಕಿನಲ್ಲಿ ಈ ಸುಂಕದ ಪೆಟ್ಟು ಮುಖ್ಯವಾಗಿ ಬೀಳುವುದು ಉಕ್ಕಿನ ಮೇಲೆ. ನಿಮ್ಮ ಕಾರ್ಖಾನೆಗೆ ಹೆಚ್ಚು ಹತ್ತಿರವಾದದ್ದು ನಮ್ಮ ದೇಶದ್ದೇ ವ್ಯವಸ್ಥೆ. 2012ರಲ್ಲಿ ಶುರುವಾದ ಪ್ಯಾಟ್ ಯೋಜನೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿಗಳಿದ್ದವು. 2023ರಲ್ಲಿ ಅಧಿಸೂಚನೆಯಾದ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಅದನ್ನು ಇಂಗಾಲದ ಗುರಿಗಳತ್ತ ಒಯ್ಯುತ್ತಿದೆ.

ಸಿಮೆಂಟಿನಲ್ಲಿ ನಿಮಗಿರುವ ಅನುಕೂಲ ಏನೆಂದರೆ, ಅದರ ಇಂಗಾಲದ ಅರ್ಧಕ್ಕಿಂತ ಹೆಚ್ಚು ಭಾಗ ಇಂಧನದಿಂದ ಬರುವುದಿಲ್ಲ, ಸುಣ್ಣದಕಲ್ಲು ಗೂಡಿನಲ್ಲಿ ಒಡೆಯುವಾಗ ಕಲ್ಲಿನಿಂದಲೇ ಬರುತ್ತದೆ. ವಿದ್ಯುತ್ತನ್ನೆಲ್ಲ ಸೌರಶಕ್ತಿಗೆ ಬದಲಾಯಿಸಿದರೂ ಅದು ಹೋಗುವುದಿಲ್ಲ. ಎಷ್ಟೋ ವರದಿಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ಅದನ್ನು ಕಡಿಮೆ ಮಾಡುವ ದಾರಿ ಸಿಮೆಂಟಿನಲ್ಲಿ ಕ್ಲಿಂಕರ್ (ಗೂಡಿನಲ್ಲಿ ಸುಟ್ಟು ಬರುವ ಗಟ್ಟಿ ಉಂಡೆ) ಪ್ರಮಾಣವನ್ನು ಇಳಿಸುವುದು, ಅಂದರೆ ಹಾರುಬೂದಿ ಅಥವಾ ಸುಟ್ಟ ಜೇಡಿಮಣ್ಣನ್ನು ಬೆರೆಸುವುದು. ಹಾರುಬೂದಿ ಈಗ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಸ್ಥಾವರಗಳಿಂದ ಬರುತ್ತದೆ. ಸೌರ ವಿದ್ಯುತ್ ಹೆಚ್ಚಿದಂತೆ ಆ ಸ್ಥಾವರಗಳು ಕಡಿಮೆ ಗಂಟೆ ಓಡಿದರೆ ಬೂದಿಯೂ ಕಡಿಮೆಯಾಗುತ್ತದೆ, ಅದರ ಬೆಲೆ ಏರುತ್ತದೆ, ಆಗ ಕ್ಲಿಂಕರ್ ಪ್ರಮಾಣ ಮತ್ತೆ ಮೇಲಕ್ಕೆ ಹೋಗುವ ಒತ್ತಡ ಹುಟ್ಟುತ್ತದೆ. ವಿದ್ಯುತ್ ಕ್ಷೇತ್ರದ ಇಂಗಾಲ ಇಳಿದು ಸಿಮೆಂಟಿನ ಇಂಗಾಲ ಏರುವ ಈ ಸಾಧ್ಯತೆ ನಿಜವೆ, ಎಷ್ಟು ಬೂದಿಗೆ ಎಷ್ಟು ಬೆಲೆಯಲ್ಲಿ ಸುಟ್ಟ ಜೇಡಿಮಣ್ಣು ಲಾಭಕರವಾಗುತ್ತದೆ ಎಂಬುದನ್ನು ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳ ಅಂಕಿಗಳಿಂದ ಹದಿನೈದು ಪುಟಗಳಲ್ಲಿ ಬರೆಯಿರಿ. ಕಾರ್ಖಾನೆಯ ಗೋಪ್ಯ ಅಂಕಿಗಳನ್ನು ಬಳಸಬೇಡಿ, ಸಾರ್ವಜನಿಕ ಅಂಕಿಗಳು ಸಾಕು. ವಿದ್ಯಾರ್ಥಿವೇತನದ ಅರ್ಜಿಗೂ ಸಂದರ್ಶನಕ್ಕೂ ಆ ಹದಿನೈದು ಪುಟ ನಿಮ್ಮ ಅಂಕಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.


ಉತ್ತರ 5: ಶಹಾಪುರದವಳು

ಒಂದು ವಿಷಯ ಬಿಟ್ಟುಹೋಗಿತ್ತು. ಜೆಸ್ಕಾಂ ದರ ಅರ್ಜಿಯ ಮೇಲೆ ಆಯೋಗ ಕಲಬುರಗಿಯಲ್ಲಿಯೇ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಪ್ರಕಟಣೆ ಪತ್ರಿಕೆಗಳಲ್ಲಿ ಬರುತ್ತದೆ. ಲಿಖಿತ ಆಕ್ಷೇಪಣೆಯನ್ನು ಯಾವ ಗ್ರಾಹಕರಾದರೂ ಸಲ್ಲಿಸಬಹುದು, ಕನ್ನಡದಲ್ಲಿಯೇ ಬರೆಯಬಹುದು. ಕಂಪನಿ ಅದಕ್ಕೆ ಕೊಡುವ ಉತ್ತರವೂ ಆಯೋಗದ ಅಭಿಪ್ರಾಯವೂ ದರ ಆದೇಶದಲ್ಲಿ ದಾಖಲಾಗುತ್ತವೆ. ಆದರೆ ಕಾರ್ಖಾನೆಯ ನೌಕರರಾಗಿ ಅಲ್ಲ, ನಿಮ್ಮ ಮನೆಯ ಮೀಟರಿನ ಆರ್‌.ಆರ್‌. ಸಂಖ್ಯೆ ಹಾಕಿ ಗೃಹ ಗ್ರಾಹಕರಾಗಿ ಸಲ್ಲಿಸಿ.